ಥೇಮ್ಸ್ ನದಿ ಪೊಲೀಸರ ಕಾಲದ ಅಪರಾಧ ಕಥೆ ಬರೆಯುವವರಿಗೆ: ಶವಕ್ಕೂ ಮೊದಲು ಹುಡುಕಬೇಕಾದದ್ದು

1798ರ ಜೂನ್ ತಿಂಗಳು. ಲಂಡನ್ನಿನ ವಾಪಿಂಗ್ ದಡದಲ್ಲಿ ಹಡಗಿನಿಂದ ಕಲ್ಲಿದ್ದಲು ಇಳಿಸುವ ಕೂಲಿಯವನು ಸಂಜೆ ಮನೆಗೆ ಹೊರಡುವಾಗ ಒಂದು ಚೀಲ ಕಲ್ಲಿದ್ದಲನ್ನು ಹೆಗಲಿಗೇರಿಸಿಕೊಂಡರೆ ಅದು ಮಾಮೂಲು. ಅವನಿಗಿಂತ ಹಿಂದಿನವರೂ ಒಯ್ದಿದ್ದರು, ಮೇಸ್ತ್ರಿಗೂ ಗೊತ್ತಿತ್ತು. ಜುಲೈ 2ರಂದು ಅದೇ ದಡದಲ್ಲಿ ನದಿ ಪೊಲೀಸ್ ಕಚೇರಿಯ ಬಾಗಿಲು ತೆರೆಯಿತು. ಅಂದಿನಿಂದ ಆ ಚೀಲ ಕಳವಿನ ಮಾಲು. ಅಕ್ಟೋಬರ್ 16ರ ರಾತ್ರಿ ಆ ಚೀಲದ ಸಲುವಾಗಿಯೇ ಸುಮಾರು 2,000 ಜನ ಕಚೇರಿಯ ಮೇಲೆ ಕಲ್ಲು ತೂರಿದರು, ಗುಂಡು ಹಾರಿತು, ಪೊಲೀಸರ ಕಡೆಯ ಗೇಬ್ರಿಯಲ್ ಫ್ರಾಂಕ್ಸ್ ಸತ್ತ.

ನದಿ ಪೊಲೀಸರನ್ನಿಟ್ಟುಕೊಂಡು ಐತಿಹಾಸಿಕ ಅಪರಾಧ ಕಥೆ ಬರೆಯಹೊರಟವರು ಹೆಚ್ಚಾಗಿ ಮಂಜಿನಲ್ಲಿ ತೇಲಿಬರುವ ಶವದಿಂದ ಶುರುಮಾಡುತ್ತಾರೆ. ಶವ ಬರಲಿ, ಬೇಡವೆನ್ನುವುದಿಲ್ಲ. ಆದರೆ ಅದಕ್ಕೂ ಮೊದಲು ಈ ಚೀಲವನ್ನು ಹುಡುಕಿ. ನಿನ್ನೆಯವರೆಗೆ ಮಾಮೂಲಾಗಿದ್ದದ್ದು ಇಂದು ಕಳವು ಹೇಗಾಯಿತು, ಯಾರು ಹಾಗೆಂದು ಹೇಳಿದರು, ಯಾರ ಹೊಟ್ಟೆಗೆ ಹೊಡೆತ ಬಿತ್ತು? ವಾಪಿಂಗ್ ಕಥೆಯ ಜೀವ ಇರುವುದು ಅಲ್ಲಿ. ಅಲ್ಲಿಗೆ ತಲುಪಲು ನಾನು ಅನುಸರಿಸುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಹೆಜ್ಜೆ 1: ಒಂದು ವರ್ಷವನ್ನು ಹಿಡಿಯಿರಿ, ಬಿಡಬೇಡಿ

"ಹದಿನೆಂಟನೆಯ ಶತಮಾನದ ಕೊನೆಯಲ್ಲಿ" ಎಂದು ಬರೆದರೆ ಕಥೆ ನಿಲ್ಲುವುದಿಲ್ಲ. 1798ರಲ್ಲಿ ಈ ಪೊಲೀಸ್ ಪಡೆ ಸರ್ಕಾರದ್ದಲ್ಲ. ವೆಸ್ಟ್ ಇಂಡೀಸ್ ದ್ವೀಪಗಳಿಂದ ಸಕ್ಕರೆ, ರಮ್, ಕಾಫಿ ತರಿಸುತ್ತಿದ್ದ ವ್ಯಾಪಾರಿಗಳು ಮತ್ತು ತೋಟದ ಮಾಲೀಕರು 4,200 ಪೌಂಡ್ ಹಾಕಿ ಕಟ್ಟಿಸಿದ ಪಡೆ ಅದು. ಯೋಜನೆ ಗ್ಲಾಸ್ಗೋದಲ್ಲಿ ವ್ಯಾಪಾರಿಯಾಗಿದ್ದು ಆಮೇಲೆ ಲಂಡನ್ನಿನಲ್ಲಿ ಮ್ಯಾಜಿಸ್ಟ್ರೇಟ್ ಆದ ಪ್ಯಾಟ್ರಿಕ್ ಕಾಹೂನ್ ಮತ್ತು ಸಮುದ್ರ ಕಂಡಿದ್ದ ಜಾನ್ ಹ್ಯಾರಿಯಟ್ ಅವರದ್ದು. 1800ರ ಕಾಯ್ದೆಯಿಂದ ಪಡೆ ಸರ್ಕಾರದ ಅಧೀನಕ್ಕೆ ಬಂತು. 1802ರಲ್ಲಿ ವೆಸ್ಟ್ ಇಂಡಿಯಾ ಡಾಕ್ ತೆರೆದು, ಸಕ್ಕರೆಯ ಹಡಗುಗಳು ಎತ್ತರದ ಗೋಡೆಯೊಳಗೆ ಹೋದವು. 1839ರಲ್ಲಿ ನದಿ ಪೊಲೀಸರು ಲಂಡನ್ ಮಹಾನಗರ ಪೊಲೀಸರಲ್ಲಿ ಸೇರಿಹೋದರು.

ನನ್ನ ಆಯ್ಕೆ 1798ರ ಜುಲೈಯಿಂದ 1800ರವರೆಗಿನ ಎರಡು ವರ್ಷ. ಆಗ ಪೇದೆಗೆ ಸಂಬಳ ಕೊಡುತ್ತಿದ್ದವನು ದೂರುದಾರನೇ. ಅಷ್ಟೊಂದು ಬಿಗಿ ಇರುವ ಸನ್ನಿವೇಶವನ್ನು ನಾವು ಕಲ್ಪಿಸಿಕೊಳ್ಳುವುದೂ ಕಷ್ಟ. ಕೊಲೆಯೇ ಮುಖ್ಯವಾಗಬೇಕೆನ್ನುವವರು 1811ರ ಡಿಸೆಂಬರ್ ಆರಿಸಬಹುದು. ವಾಪಿಂಗ್ ಪಕ್ಕದ ರ್‍ಯಾಟ್‌ಕ್ಲಿಫ್ ಹೆದ್ದಾರಿಯ ಸುತ್ತ ಹನ್ನೆರಡು ದಿನಗಳ ಅಂತರದಲ್ಲಿ ಎರಡು ಮನೆಗಳಲ್ಲಿ ಏಳು ಮಂದಿ ಕೊಲೆಯಾದರು. ಆಗಲೂ ಹ್ಯಾರಿಯಟ್ ಅದೇ ಕಚೇರಿಯಲ್ಲಿದ್ದರು. ಸುಳಿವು ಕೊಟ್ಟವರಿಗೆ 20 ಪೌಂಡ್ ಬಹುಮಾನವೆಂದು ತಾವೇ ಘೋಷಿಸಿ, ಮೇಲಿನವರಿಂದ ಬೈಸಿಕೊಂಡರು.

ವರ್ಷ ನಿಶ್ಚಯವಾದ ಕೂಡಲೇ ಒಂದು ಹಾಳೆಯಲ್ಲಿ "ಇನ್ನೂ ಇಲ್ಲ" ಎಂಬ ಪಟ್ಟಿ ಮಾಡಿ ಗೋಡೆಗೆ ಅಂಟಿಸಿ. ಟವರ್ ಸೇತುವೆ ಇನ್ನೂ ಇಲ್ಲ, ಅದು 1894ರದ್ದು. ಬೀದಿಯಲ್ಲಿ ಗ್ಯಾಸ್ ದೀಪವಿಲ್ಲ. ಸಮವಸ್ತ್ರದ ನಗರ ಪೊಲೀಸರು ಬರುವುದು 1829ರಲ್ಲಿ. ಬೆರಳಚ್ಚಿಗೆ ಇನ್ನೂ ನೂರು ವರ್ಷ ಕಾಯಬೇಕು. ಫೋಟೊ ಇಲ್ಲ, ರಕ್ತ ಪರೀಕ್ಷೆ ಇಲ್ಲ.

ಹೆಜ್ಜೆ 2: ನದಿಯನ್ನು ಕೈಯಾರೆ ಬರೆಯಿರಿ

ರಿಚರ್ಡ್ ಹಾರ್ವುಡ್ 1792ರಿಂದ 1799ರವರೆಗೆ ಪ್ರಕಟಿಸಿದ ಲಂಡನ್ ನಕ್ಷೆಯಲ್ಲಿ ಮನೆ ಮನೆಯನ್ನೂ ಗುರುತಿಸಲು ಹೊರಟಿದ್ದಾನೆ. ಅದು ಅಂತರ್ಜಾಲದಲ್ಲಿ ಸಿಗುತ್ತದೆ. ನೋಡಿ ಮುಚ್ಚಿಡಬೇಡಿ, ಪೆನ್ಸಿಲ್ ಹಿಡಿದು ನಿಮ್ಮ ಹಾಳೆಗೆ ಇಳಿಸಿಕೊಳ್ಳಿ. ಪಶ್ಚಿಮಕ್ಕೆ ಹಳೆಯ ಲಂಡನ್ ಸೇತುವೆ, ಅದರ ಕಿರಿದಾದ ಕಮಾನುಗಳು. ಸೇತುವೆಗೂ ಟವರ್ ಕೋಟೆಗೂ ನಡುವೆ ಉತ್ತರ ದಡದಲ್ಲಿ ಸುಮಾರು 1,400 ಅಡಿ ಉದ್ದದ ಅಧಿಕೃತ ದಕ್ಕೆಗಳು. ಹೊರದೇಶದ ಸುಂಕದ ಸರಕು ಅಲ್ಲಿಯೇ ಇಳಿಯಬೇಕೆಂಬುದು ರಾಣಿ ಒಂದನೆಯ ಎಲಿಜಬೆತ್ ಕಾಲದ ಕಟ್ಟಳೆ. ಅಲ್ಲಿಂದ ಪೂರ್ವಕ್ಕೆ ವಾಪಿಂಗ್, ಶ್ಯಾಡ್‌ವೆಲ್, ಲೈಮ್‌ಹೌಸ್, ಕೊನೆಗೆ ಬ್ಲ್ಯಾಕ್‌ವಾಲ್.

ಆ 1,400 ಅಡಿಯೇ ಇಡೀ ಅಪರಾಧ ಲೋಕದ ತಾಯಿಬೇರು. ಫ್ರಾನ್ಸ್ ಜೊತೆ ಯುದ್ಧ ನಡೆಯುತ್ತಿದ್ದುದರಿಂದ ಸಕ್ಕರೆಯ ಹಡಗುಗಳು ನೌಕಾಪಡೆಯ ಕಾವಲಿನಲ್ಲಿ ಗುಂಪಾಗಿ ಬರುತ್ತಿದ್ದವು. ನೂರಾರು ಹಡಗು ಒಟ್ಟಿಗೆ ಬಂದು ನಡುನೀರಿನಲ್ಲಿ ಲಂಗರು ಹಾಕಿದರೆ ದಕ್ಕೆಯಲ್ಲಿ ಜಾಗವೆಲ್ಲಿ? ವಾರಗಟ್ಟಲೆ ಕಾಯಬೇಕು. ಸರಕನ್ನು ಲೈಟರ್ ಎಂಬ ತೆರೆದ ಸರಕು ದೋಣಿಗಳಿಗೆ ಇಳಿಸಿ ದಡಕ್ಕೆ ಸಾಗಿಸಬೇಕು. ಆ ದೋಣಿಗಳೂ ಸರದಿಯಲ್ಲಿ ರಾತ್ರಿಯಿಡೀ ನಿಂತಿರುತ್ತವೆ. ಒಂದೊಂದು ಪೀಪಾಯಿಯಲ್ಲಿ ಅರ್ಧ ಟನ್ನಿಗೂ ಹೆಚ್ಚು ಕಂದು ಸಕ್ಕರೆ. ಕಳ್ಳತನಕ್ಕೆ ಅವಕಾಶ ಮಾಡಿಕೊಟ್ಟದ್ದು ಕತ್ತಲೆಗಿಂತ ಹೆಚ್ಚಾಗಿ ಈ ಕಾಯುವಿಕೆ.

ಹೆಜ್ಜೆ 3: ಮೊದಲು ತಿಥಿ, ಆಮೇಲೆ ಗಂಟೆ

ಇದನ್ನು ಬಿಟ್ಟರೆ ಉಳಿದದ್ದೆಲ್ಲ ಕೆಡುತ್ತದೆ. ನನ್ನ ಮೊದಲ ಕರಡಿನಲ್ಲಿ ಪೇದೆಯೊಬ್ಬ ಅಮಾವಾಸ್ಯೆಯ ರಾತ್ರಿ ಹತ್ತು ಗಂಟೆಗೆ ವಾಪಿಂಗ್ ಮೆಟ್ಟಿಲಿಂದ ದೋಣಿ ಬಿಟ್ಟು, ಕ್ಷಣಮಾತ್ರದಲ್ಲಿ ಪೂರ್ವಕ್ಕೆ ಡೆಟ್‌ಫರ್ಡ್ ತಲುಪಿದ್ದ. ಗಂಗೊಳ್ಳಿಯ ಮೀನುಗಾರ ಕುಟುಂಬದ ಗೆಳೆಯನೊಬ್ಬ ಓದಿದ. ಮೂರನೆಯ ಪುಟಕ್ಕೆ ನಿಲ್ಲಿಸಿ, "ಅಲ್ಲಿ ಆವತ್ತು ಉಬ್ಬರ ಎಷ್ಟು ಗಂಟೆಗೆ?" ಎಂದು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ. ಆ ಪ್ರಕರಣವನ್ನು ಪೂರ್ತಿ ಹೊಸದಾಗಿ ಬರೆದೆ.

ಥೇಮ್ಸ್ ಅಲ್ಲಿ ನದಿಯೂ ಹೌದು, ಸಮುದ್ರದ ತೋಳೂ ಹೌದು. ಉಬ್ಬರದಲ್ಲಿ ನೀರು ಪಶ್ಚಿಮಕ್ಕೆ, ಸೇತುವೆಯ ಕಡೆಗೆ ಏರುತ್ತದೆ. ಇಳಿತದಲ್ಲಿ ಪೂರ್ವಕ್ಕೆ, ಸಮುದ್ರದ ಕಡೆಗೆ ಸರಿಯುತ್ತದೆ. ಅಮಾವಾಸ್ಯೆ ಮತ್ತು ಹುಣ್ಣಿಮೆಗಳಂದು ಲಂಡನ್ ಸೇತುವೆಯ ಬಳಿ ಉಬ್ಬರ ತುಂಬುವುದು ಹಗಲಿನಲ್ಲೂ ಇರುಳಿನಲ್ಲೂ ಎರಡು–ಮೂರು ಗಂಟೆಯ ನಡುವೆ. ಅಂದರೆ ನೀರು ಪೂರ್ತಿ ಇಳಿದು ಕೆಸರು ಬಯಲಾಗುವುದು ಬೆಳಗ್ಗೆ ಮತ್ತು ರಾತ್ರಿ ಎಂಟು–ಒಂಬತ್ತರ ಸುಮಾರಿಗೆ. ಪ್ರತಿದಿನ ಇದು ಸುಮಾರು ಐವತ್ತು ನಿಮಿಷ ಮುಂದಕ್ಕೆ ಹೋಗುತ್ತದೆ. ಅಷ್ಟಮಿಯ ಹೊತ್ತಿಗೆ ಪೂರ್ತಿ ತಿರುಗಿ, ಉಬ್ಬರವೇ ಎಂಟು–ಒಂಬತ್ತಕ್ಕೆ ಬರುತ್ತದೆ. ಪಂಚಾಂಗ ನೋಡಿ ಬೆಳೆದ ನಮಗೆ ಈ ಲೆಕ್ಕ ಕಷ್ಟವಲ್ಲ. ತಿಥಿ ಗೊತ್ತಾದರೆ ನೀರು ಗೊತ್ತಾಯಿತು.

ಈಗ ಇದನ್ನು ಕಥೆಗೆ ಹಚ್ಚಿ. ನದಿಗಳ್ಳರ ಒಂದು ವಿಧಾನವೆಂದರೆ ಸರಕು ದೋಣಿಯ ಹಗ್ಗ ಕತ್ತರಿಸಿ ತೇಲಿಬಿಟ್ಟು, ಹಿಂದೆಯೇ ಹೋಗಿ ಅದು ದಡ ಹತ್ತಿದಲ್ಲಿ ದೋಚುವುದು. ಅಮಾವಾಸ್ಯೆಯ ರಾತ್ರಿ ಹನ್ನೊಂದಕ್ಕೆ ಹಗ್ಗ ಕತ್ತರಿಸಿದರೆ ದೋಣಿ ಸೇತುವೆಯ ಕಡೆಗೆ ಹೋಗುತ್ತದೆ. ಬೆಳಗಿನ ಜಾವ ನಾಲ್ಕಕ್ಕೆ ಕತ್ತರಿಸಿದರೆ ಲೈಮ್‌ಹೌಸ್ ಕಡೆಗೆ. "ನಾನು ಹನ್ನೊಂದಕ್ಕೆ ಕಂಡೆ, ಲೈಮ್‌ಹೌಸ್‌ನತ್ತ ಹೋಗುತ್ತಿತ್ತು" ಎಂದು ಸಾಕ್ಷಿ ಹೇಳಿದವನು ಸುಳ್ಳು ಹೇಳುತ್ತಿದ್ದಾನೆ. ಬೆರಳಚ್ಚಿಲ್ಲದ ಕಾಲದಲ್ಲಿ ಇದಕ್ಕಿಂತ ಗಟ್ಟಿಯಾದ ಸುಳಿವು ಬೇಕೇ?

ಹಳೆಯ ದಿನಾಂಕಗಳ ತಿಥಿಯನ್ನು ನೀವೇ ಲೆಕ್ಕಹಾಕಬಹುದು. ಗೊತ್ತಿರುವ ಒಂದು ಅಮಾವಾಸ್ಯೆಯಿಂದ ಹಿಂದಕ್ಕೆ 29.53059 ದಿನಗಳಂತೆ ಎಣಿಸುತ್ತಾ ಹೋದರೆ ಸಾಕು, ಒಂದು ದಿನದವರೆಗೆ ವ್ಯತ್ಯಾಸ ಬರಬಹುದು ಅಷ್ಟೆ. ಗಲಭೆಯಾದ 1798ರ ಅಕ್ಟೋಬರ್ 16ನ್ನು ಹೀಗೆ ಎಣಿಸಿದಾಗ ನನಗೆ ಸಿಕ್ಕಿದ್ದು ಶುಕ್ಲಪಕ್ಷದ ಸಪ್ತಮಿಯ ಆಸುಪಾಸು. ಆ ರಾತ್ರಿ ಆಕಾಶದಲ್ಲಿ ಅರ್ಧ ಚಂದ್ರನಿದ್ದ, ಎಂಟರ ಹೊತ್ತಿಗೆ ವಾಪಿಂಗ್ ಮೆಟ್ಟಿಲುಗಳ ಬಳಿ ನೀರು ತುಂಬಿತ್ತು. ಮುಂದೆ ಬೀದಿ ತುಂಬ ಜನ, ಹಿಂದೆ ಮೆಟ್ಟಿಲು ನುಂಗಿದ ನದಿ. ಕಚೇರಿಯೊಳಗೆ ಸಿಕ್ಕಿಬಿದ್ದವರ ಸ್ಥಿತಿ ಆಗ ನನ್ನ ಕಣ್ಣಿಗೆ ಕಟ್ಟಿತು.

ಹೆಜ್ಜೆ 4: ಯಾವ ಮಾಮೂಲು ಎಂದು ತೀರ್ಮಾನಿಸಿ

ನಮ್ಮ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ ಬಡಗಿ, ಕಮ್ಮಾರ, ಅಗಸರಿಗೆ ಕಣದಲ್ಲೇ ಆಯ ಅಳೆದು ಕೊಡುತ್ತಿದ್ದರು. ಕಣ ಗುಡಿಸಿದಾಗ ಸಿಗುವ ಕಾಳು ಕೂಲಿಯವರದ್ದು. ಅದನ್ನು ಯಾರೂ ಕಳವು ಎನ್ನುತ್ತಿರಲಿಲ್ಲ, ಕೂಲಿಯ ಭಾಗವೆಂದೇ ಲೆಕ್ಕ. ಥೇಮ್ಸ್ ದಡದಲ್ಲೂ ಹೀಗೆಯೇ. ಹಡಗಿನ ತಳದಲ್ಲಿ ಚೆಲ್ಲಿ, ಗುಡಿಸಿ ತೆಗೆದ ಸಕ್ಕರೆ, ಪೀಪಾಯಿಯಿಂದ ಸೋರಿದ ಕಾಕಂಬಿ, ಕಲ್ಲಿದ್ದಲಿನ ಒಂದು ಚೀಲ, ಇವು ದುಡಿದವನ ಪಾಲು ಎಂಬ ನಂಬಿಕೆ ಬೇರೂರಿತ್ತು. ಡೆಟ್‌ಫರ್ಡ್‌ನ ಸರ್ಕಾರಿ ಹಡಗುಕಟ್ಟೆಯಲ್ಲಿ ಬಡಗಿಗಳು ಮರದ ತುಂಡುಗಳನ್ನು ಮನೆಗೆ ಒಯ್ಯುತ್ತಿದ್ದರು. 1801ರಲ್ಲಿ ಅದನ್ನು ನಿಲ್ಲಿಸಿದಾಗ ಬದಲಿಗೆ ದಿನಕ್ಕೆ ಆರು ಪೆನ್ಸ್ ಕೊಡಬೇಕಾಯಿತು. ಅದು ಕೂಲಿಯ ಭಾಗವೇ ಆಗಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ನ್ಯಾಯದ ಮಾತನ್ನೂ ಹೇಳಬೇಕು. ಕಾನೂನಿನ ಪುಸ್ತಕದಲ್ಲಿ ನದಿಯ ಕಳವು ಹಿಂದೆಯೂ ಅಪರಾಧವೇ ಆಗಿತ್ತು, ಜಾರಿ ಮಾಡುವ ಕೈ ಇರಲಿಲ್ಲ ಅಷ್ಟೆ. ಗುಡಿಸಿದ್ದನ್ನು ಒಯ್ಯುತ್ತೇವೆ ಎಂದು ಪೀಪಾಯಿಯನ್ನೇ ಒಡೆದು ಚೆಲ್ಲುವವರೂ ಇದ್ದರು. ಈ ಗೆರೆ ಎಲ್ಲಿ ದಾಟಿತು ಎಂಬುದರಲ್ಲಿಯೇ ನಿಮ್ಮ ಪಾತ್ರಗಳು ಹುಟ್ಟುತ್ತವೆ.

ಕಾಹೂನ್ 1800ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಲೋಕದ ಪಟ್ಟಿಯನ್ನೇ ಕೊಟ್ಟಿದ್ದಾನೆ. ರಾತ್ರಿ ಹಡಗಿಗೆ ಹತ್ತಿ, ಒಳಗಿನವರ ಕೈ ಬೆಚ್ಚಗೆ ಮಾಡಿ ಸಕ್ಕರೆ ಇಳಿಸುವವರು "ಹಗುರ ಸವಾರರು". ಅವರ ಚೀಲಗಳಿಗೆ ಕಪ್ಪು ಬಣ್ಣ ಬಳಿದಿರುತ್ತಿತ್ತು, ಇರುಳಿನಲ್ಲಿ ದೋಣಿಯ ತಳದಲ್ಲಿ ಕಾಣಬಾರದೆಂದು. ಹಗಲು ಕೂಲಿ ಮಾಡುತ್ತಲೇ ಅಂಗಿಯೊಳಗಿನ ಉದ್ದ ಜೇಬುಗಳಲ್ಲಿ ತುಂಬಿಕೊಳ್ಳುವವರು "ಭಾರದ ಸವಾರರು". ದಕ್ಕೆಯಲ್ಲಿ ಕೂಲಿ ಕೇಳುವ ನೆಪದಲ್ಲಿ ಉದ್ದ ಏಪ್ರನ್ ತೊಟ್ಟು ಬಂದು, ಗದ್ದಲವೆಬ್ಬಿಸಿ ಏಪ್ರನ್ನಿನೊಳಗೆ ಮುಚ್ಚಿಕೊಂಡು ಹೋಗುವವರು ಇನ್ನೊಂದು ಬಗೆ. ಇಲಿ ಹಿಡಿಯುವವರೂ ಇದ್ದರು: ಒಂದು ಹಡಗಿನ ಇಲಿಯನ್ನು ಇನ್ನೊಂದಕ್ಕೆ ಬಿಟ್ಟು, ಅದನ್ನು ಹಿಡಿಯಲು ತಾವೇ ಹೋಗುವುದು. ನೀರು ಇಳಿದಾಗ ಕೆಸರಿನಲ್ಲಿ ಏನೋ ಹುಡುಕುವಂತೆ ಹಡಗಿನ ಬುಡಕ್ಕೆ ಬಂದು, ಮೇಲಿಂದ ಬೀಳುವ ಪುಟ್ಟ ಚೀಲಗಳನ್ನು ಎತ್ತಿಕೊಳ್ಳುವ ಬಡವರು "ಮಡ್‌ಲಾರ್ಕ್"ಗಳು. ಎಲ್ಲರ ಹಿಂದೆ ಮಾಲು ಕೊಳ್ಳುವವನು. ಅವನ ಅಂಗಡಿ ಹಳೆಯ ಕಬ್ಬಿಣ, ಹಗ್ಗ, ಚಿಂದಿಯದ್ದು.

ಕಾಹೂನ್‌ನನ್ನು ಓದಿ, ಆದರೆ ಅವನ ಅಂಕಿಗಳನ್ನು ಪಾತ್ರದ ಬಾಯಲ್ಲಿ ಮಾತ್ರ ಬಳಸಿ. ನದಿಯಲ್ಲಿ ದುಡಿಯುವ 33,000 ಜನರಲ್ಲಿ 11,000 ಮಂದಿ ಕಳ್ಳರು, ವರ್ಷಕ್ಕೆ ಐದು ಲಕ್ಷ ಪೌಂಡ್ ನಷ್ಟ ಎಂದವನು ಅವನು. ಪೊಲೀಸ್ ಪಡೆಗೆ ಹಣ ಬೇಕಾಗಿದ್ದವನೂ ಅವನೇ.

ಹೆಜ್ಜೆ 5: ನಿಮ್ಮ ಪತ್ತೆದಾರ ದೋಣಿಯಲ್ಲಿ ಕೂರುವವನು

ಸುಮಾರು 50 ಮಂದಿಯ ಪಡೆ. ಹುಟ್ಟು ಹಾಕುವವರು ಅನುಭವಿ ಅಂಬಿಗರು, ದೋಣಿಗೊಬ್ಬ ಮೇಲ್ವಿಚಾರಕ, ಹಗಲೂ ರಾತ್ರಿಯೂ ಗಸ್ತು. ಆಧುನಿಕ ಇನ್ಸ್‌ಪೆಕ್ಟರನನ್ನು ಹಳೆಯ ಕೋಟು ತೊಡಿಸಿ ಕೂರಿಸಬೇಡಿ. ಇವರ ಕೆಲಸ ತಡೆಯುವುದು, ಜಪ್ತಿ ಮಾಡುವುದು, ಹಿಡಿದು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುವುದು. ಅಲ್ಲದೆ ಸರಕು ಇಳಿಸುವ ಕೂಲಿಯವರನ್ನು ನೋಂದಾಯಿಸಿ, ಕೂಲಿ ಕೊಟ್ಟು, ಹಡಗಿನಿಂದ ಇಳಿಯುವಾಗ ಮೈ ತಡಕುತ್ತಿದ್ದವರೂ ಈ ಪೊಲೀಸರೇ. ದೊಗಲೆ ಉಡುಪು ತೊಟ್ಟು ಬರುವಂತಿರಲಿಲ್ಲ.

ನನಗೆ ಪ್ರಿಯವಾದ ಪಾತ್ರ ಹೀಗಿದೆ: ಇಪ್ಪತ್ತು ವರ್ಷ ಅಂಬಿಗನಾಗಿದ್ದು, ತಾನೂ ಮಾಮೂಲು ತಿಂದು, ಈಗ ವಾರದ ಸಂಬಳಕ್ಕಾಗಿ ಪೊಲೀಸ್ ದೋಣಿ ಹತ್ತಿದವನು. ಯುದ್ಧಕಾಲ, ನೌಕಾಪಡೆಯವರು ಗಂಡಸರನ್ನು ಬೀದಿಯಿಂದಲೇ ಎಳೆದೊಯ್ಯುತ್ತಿದ್ದರು, ಆ ಭಯವೂ ಅವನಿಗಿದೆ. ಮೊದಲ ವಾರವೇ ಹೆಂಡತಿಯ ತಮ್ಮನ ಮೈ ತಡಕಬೇಕಾಗಿ ಬರುತ್ತದೆ. ಅವನ ಹೆಂಡತಿಯನ್ನು ಒಲೆಯ ಮುಂದೆ ಮಾತ್ರ ಕೂರಿಸಬೇಡಿ. ನಾವಿಕರಿಗೆ ಕೋಣೆ ಬಾಡಿಗೆ ಕೊಡುವುದು, ಹಳೆಯ ಬಟ್ಟೆ ಕೊಳ್ಳುವುದು, ಕೇಳಿದ ಮಾತನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವುದು ದಡದ ಹೆಂಗಸರ ಲೋಕ. ಗಂಡನಿಗಿಂತ ಹೆಚ್ಚು ಅವಳಿಗೆ ಗೊತ್ತಿರುತ್ತದೆ.

ಹೆಜ್ಜೆ 6: ಶವ ಮತ್ತು ಸುಳಿವು

ನೀರಿನಲ್ಲಿ ಸತ್ತವರು ಕೂಡಲೇ ತೇಲುವುದಿಲ್ಲ. ಮುಳುಗಿ, ದಿನಗಳ ಮೇಲೆ ಉಬ್ಬಿ ಏಳುತ್ತಾರೆ, ಚಳಿಗಾಲವಾದರೆ ಇನ್ನೂ ತಡ. ಅಷ್ಟರಲ್ಲಿ ಉಬ್ಬರ ಇಳಿತಗಳು ಹಲವು ಬಾರಿ ಎಳೆದಾಡಿರುತ್ತವೆ. ಸಿಕ್ಕ ಜಾಗವೇ ಬಿದ್ದ ಜಾಗವಲ್ಲ. ಶವ ಸಿಕ್ಕರೆ ಕರೋನರ್ ಎಂಬ, ಸಾವಿನ ಕಾರಣ ವಿಚಾರಿಸುವ ಅಧಿಕಾರಿ ಬರುತ್ತಾನೆ, ಅಕ್ಕಪಕ್ಕದ ಗೃಹಸ್ಥರನ್ನು ಜ್ಯೂರಿಯಾಗಿ ಸೇರಿಸುತ್ತಾನೆ. ವಿಚಾರಣೆ ಬಹುಪಾಲು ಹತ್ತಿರದ ಹೆಂಡದಂಗಡಿಯಲ್ಲಿ. ಜ್ಯೂರಿಯವರು ಶವವನ್ನು ಕಣ್ಣಾರೆ ನೋಡಲೇಬೇಕು. ಆ ಕೋಣೆಯನ್ನು ನಿಧಾನವಾಗಿ ಬರೆಯಿರಿ.

ಸುಳಿವುಗಳು ಕೈಗೆ ಮುಟ್ಟುವಂತಿರಲಿ: ಗಂಟಿನ ಬಗೆ, ಉಗುರಿನೊಳಗಿನ ಡಾಂಬರು, ಅಂಗಿಯ ಒಳಪದರಕ್ಕೆ ಅಂಟಿದ ಸಕ್ಕರೆ, ಪೀಪಾಯಿಯ ಮೇಲೆ ಸುಟ್ಟು ಒತ್ತಿದ ಗುರುತು, ಎಣಿಕೆ ಪುಸ್ತಕದಲ್ಲಿ ಒಂದು ಗೆರೆ ಕಡಿಮೆ. 1811ರ ಕೊಲೆಗಳಲ್ಲಿ ದೊಡ್ಡ ಸುಳಿವಾದದ್ದು ಹಡಗು ಬಡಗಿಯ ಸುತ್ತಿಗೆಯ ಮೇಲಿದ್ದ ಎರಡು ಅಕ್ಷರ.

ಹೆಜ್ಜೆ 7: ನಲವತ್ತು ಶಿಲಿಂಗ್‌ಗಳ ಲೆಕ್ಕ

1751ರ ಕಾಯ್ದೆಯಂತೆ ಸಾಗಾಟದ ನದಿಯಲ್ಲಿ ಹಡಗಿನಿಂದಾಗಲಿ ದಕ್ಕೆಯಿಂದಾಗಲಿ ನಲವತ್ತು ಶಿಲಿಂಗ್ ಬೆಲೆಯ ಸರಕು ಕದ್ದರೆ ಗಲ್ಲು. ಆದ್ದರಿಂದ ಕರುಣೆಯುಳ್ಳ ಜ್ಯೂರಿಯವರು ಬೆಲೆಯನ್ನು ಮೂವತ್ತೊಂಬತ್ತು ಶಿಲಿಂಗ್ ಎಂದು ತೀರ್ಮಾನಿಸುವುದಿತ್ತು. ಒಂದು ಶಿಲಿಂಗ್‌ನಲ್ಲಿ ಒಬ್ಬನ ಕೊರಳು. ನ್ಯಾಯಾಲಯದ ಪ್ರಸಂಗಕ್ಕೆ ಇದಕ್ಕಿಂತ ತೀಕ್ಷ್ಣವಾದ ಎಳೆ ನನಗೆ ಕಂಡಿಲ್ಲ. ಆರೋಪಿಯ ಪರವಾಗಿ ವಕೀಲ ಜ್ಯೂರಿಯನ್ನುದ್ದೇಶಿಸಿ ಭಾಷಣ ಮಾಡುವಂತಿಲ್ಲ, ಆ ಹಕ್ಕು ಬಂದದ್ದು 1836ರಲ್ಲಿ. ನಿಮ್ಮ ಕಥೆಯಲ್ಲಿ ಮಿಂಚುವ ವಾದ ಮಂಡಿಸುವ ವಕೀಲನಿದ್ದರೆ ತೆಗೆದುಬಿಡಿ.

ಅಕ್ಟೋಬರ್ 16ರ ಗಲಭೆಯ ಹಿಂದೆಯೂ ನಲವತ್ತು ಶಿಲಿಂಗ್ ಇತ್ತು. ಕಲ್ಲಿದ್ದಲು ಕದ್ದ ಆರೋಪಕ್ಕೆ ಚಾರ್ಲ್ಸ್ ಐಯರ್ಸ್ ಎಂಬ ಕೂಲಿಯವನಿಗೆ ಬಿದ್ದ ದಂಡ ಅಷ್ಟು. ದಂಡ ಕಟ್ಟಿ ಹೊರಬಂದವನನ್ನು ಅವನ ಸೋದರ ಜೇಮ್ಸ್ ಕೊರಳಪಟ್ಟಿ ಹಿಡಿದು, ಹಣ ಕಟ್ಟಿದ್ದೇಕೆಂದು ಕೂಗಾಡಿದ, ವಾಪಸು ತರುತ್ತೇನೆಂದು ಜನರೊಂದಿಗೆ ಕಚೇರಿಗೆ ನುಗ್ಗಿದ. ಫ್ರಾಂಕ್ಸ್‌ಗೆ ಗುಂಡು ಹಾರಿಸಿದವನು ಯಾರೆಂಬುದು ಸಾಬೀತಾಗಲಿಲ್ಲ. ಆದರೂ 1799ರ ಜನವರಿಯಲ್ಲಿ ಓಲ್ಡ್ ಬೈಲಿ ನ್ಯಾಯಾಲಯದಲ್ಲಿ ಕೊಲೆಯ ಅಪರಾಧಿಯಾದವನು ಜೇಮ್ಸ್. ಗಲಭೆಗೆ ಸೇರಿದವರೆಲ್ಲರೂ ಕೊಲೆಗೆ ಹೊಣೆ ಎಂಬುದು ವಾದ. ಆ ಗುಂಡು ಯಾರದು ಎಂಬ ಪ್ರಶ್ನೆ ಇಂದಿಗೂ ಕಥೆಗಾರನಿಗಾಗಿ ತೆರೆದೇ ಇದೆ.

ಓಲ್ಡ್ ಬೈಲಿಯ 1674ರಿಂದ 1913ರವರೆಗಿನ ವಿಚಾರಣಾ ವರದಿಗಳು, ಸುಮಾರು ಎರಡು ಲಕ್ಷ ಪ್ರಕರಣಗಳು, ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಒಂದು ವಾರ ದಿನಕ್ಕೆ ಐದರಂತೆ ಓದಿ. ಕೂಲಿಯವರು ಹೇಗೆ ಮಾತನಾಡುತ್ತಿದ್ದರು, ಸಮಯವನ್ನು ಹೇಗೆ ಹೇಳುತ್ತಿದ್ದರು, ಒಂದು ಅಂಗಿಗೆ ಎಷ್ಟು ಬೆಲೆ ಎಂಬುದೆಲ್ಲ ಅಲ್ಲಿದೆ.

ಹೆಜ್ಜೆ 8: ಸರಕು ಎಲ್ಲಿಂದ ಬಂತೆಂದು ಕೇಳಿ

ದಡದ ಬಡವನು ಮುಷ್ಟಿ ಸಕ್ಕರೆ ಒಯ್ದರೆ ಕಳ್ಳ. ಆ ಸಕ್ಕರೆಯನ್ನು ಬೆಳೆದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು, ಅವರಿಗೆ ಕೂಲಿಯೇ ಇಲ್ಲ. ಪೊಲೀಸರಿಗೆ ಹಣ ಕೊಟ್ಟವರು ಆ ತೋಟಗಳ ಮಾಲೀಕರು. ಇದನ್ನು ಬಿಟ್ಟು ಬರೆದ ವಾಪಿಂಗ್ ಕಥೆ ಅರ್ಧ ಸುಳ್ಳು ಎಂದೇ ನಾನು ನಂಬಿದ್ದೇನೆ. ಭಾಷಣ ಬೇಡ, ಒಂದು ಪಾತ್ರ ಸಾಕು. ಆ ದಡದಲ್ಲಿ ಕಪ್ಪು ನಾವಿಕರು ಇದ್ದೇ ಇದ್ದರು.

ನಮ್ಮ ಕಡೆಯ ಎಳೆಯೂ ಉಂಟು. ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ಬ್ಲ್ಯಾಕ್‌ವಾಲ್ ಬಳಿ ನಿಲ್ಲುತ್ತಿದ್ದವು. ಅವುಗಳಲ್ಲಿ ಬಂದ ಲಸ್ಕರ್ ಎಂಬ ಭಾರತೀಯ ನಾವಿಕರು ಮರಳಿ ಹೋಗಲು ಹಡಗು ಸಿಗುವವರೆಗೆ ಶ್ಯಾಡ್‌ವೆಲ್ ಸುತ್ತ ಚಳಿಯಲ್ಲಿ ದಿನ ದೂಡುತ್ತಿದ್ದರು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಅರಮನೆಯ ಲೂಟಿಯೂ ಈ ನದಿಯ ನಗರಕ್ಕೇ ಬಂತು. ಯುರೋಪಿಯನ್ ಸಿಪಾಯಿಯ ಮೇಲೆರಗಿದ ಮರದ ಹುಲಿಯನ್ನು 1808ರಿಂದ ಕಂಪನಿಯ ಕಚೇರಿಯಲ್ಲಿ ಪ್ರದರ್ಶನಕ್ಕಿಟ್ಟರು. ಒಂದು ಚೀಲ ಕಲ್ಲಿದ್ದಲು ಕಳವಾದರೆ ದಂಡ, ಒಂದು ಅರಮನೆ ಖಾಲಿಯಾದರೆ ಬಹುಮಾನ. ಈ ಎಳೆ ನಿಮ್ಮ ಕಥೆಗೆ ತಾನಾಗಿ ಬಂದರೆ ಮಾತ್ರ ಹಿಡಿಯಿರಿ, ಕನ್ನಡ ಓದುಗರಿಗೆಂದು ತುರುಕಬೇಡಿ.

ಹೆಜ್ಜೆ 9: ಮಾತು

ಬಂದರಿನ ಪದಗಳಿಗಾಗಿ ಪರದಾಡಬೇಕಿಲ್ಲ. ದಕ್ಕೆ, ಲಂಗರು, ಚುಕ್ಕಾಣಿ, ಹುಟ್ಟು, ಹಾಯಿ, ಅಳಿವೆ, ಪೀಪಾಯಿ, ಗೋಣಿ, ಮೂಟೆ, ಎಲ್ಲವೂ ನಮ್ಮಲ್ಲಿವೆ. ಮಂಗಳೂರಿನ ಹಳೆಯ ಬಂದರಿನಲ್ಲಿ ಒಂದು ಬೆಳಗ್ಗೆ ನಿಂತು ಸರಕು ತುಂಬುವವರ ಮಾತು ಕೇಳಿದರೆ ನಿಘಂಟಿಗಿಂತ ಹೆಚ್ಚು ಸಿಗುತ್ತದೆ. ಆದರೆ ಲಂಡನ್ನಿನ ಕೂಲಿಯವನಿಗೆ ನಮ್ಮ ಯಾವುದೋ ಜಿಲ್ಲೆಯ ಆಡುಮಾತನ್ನು ಹಚ್ಚಬೇಡಿ, ಓದುಗನ ಮನಸ್ಸು ಆ ಜಿಲ್ಲೆಗೇ ಹೋಗಿಬಿಡುತ್ತದೆ. ವಾಕ್ಯ ಚಿಕ್ಕದಾಗಿರಲಿ, ಹೋಲಿಕೆಗಳು ಅವನ ಕೆಲಸದಿಂದ ಬರಲಿ.

ಹೆಜ್ಜೆ 10: ಮೊದಲ ಪುಟ

ತಿಥಿ, ಮೆಟ್ಟಿಲು, ಮಾಮೂಲು. ಈ ಮೂರನ್ನು ಹಾಳೆಯ ತಲೆಯಲ್ಲಿ ಬರೆದುಕೊಂಡು ಶುರುಮಾಡಿ. ನಾನು ಅಮಾವಾಸ್ಯೆಯನ್ನೂ ವಾಪಿಂಗ್ ಮೆಟ್ಟಿಲನ್ನೂ ಮಡ್‌ಲಾರ್ಕ್ ಹುಡುಗನೊಬ್ಬನ ಚೀಲವನ್ನೂ ಆರಿಸಿಕೊಂಡು ಹೀಗೆ ಬರೆದೆ:

"ಎಂಟು ಗಂಟೆಗೆ ನೀರು ಪೂರ್ತಿ ಇಳಿದಿತ್ತು. ಹುಡುಗ ಮೊಣಕಾಲುದ್ದದ ಕೆಸರಿನಲ್ಲಿ ನಿಂತು ಮೇಲೆ ನೋಡುತ್ತಿದ್ದ. ಹಗಲಿನ ಪ್ರತಿ ಇಳಿತಕ್ಕೂ ಈ ಹಡಗಿನ ಪಕ್ಕದಿಂದ ಅವನಿಗೊಂದು ಪುಟ್ಟ ಬಿಳಿ ಚೀಲ ಬೀಳುತ್ತಿತ್ತು. ಇಂದೂ ಬಿತ್ತು. ಎತ್ತಿಕೊಂಡಾಗ ಅವನ ಬೆರಳುಗಳಿಗೆ ಕಪ್ಪು ಬಣ್ಣ ಹತ್ತಿತು."